ಗರಾಜಿನ ಗಡಗಡ

ಅಮೆರಿಕದ ಕನ್ನಡಿಗರ ಮನೆಗೆ ಮುಂಬಾಗಿಲು ಅಂತ ಒಂದಿರುವುದು ಕೊರಿಯರ್‌ನವರಿಗೆ, ಮತ್ತೆ ಹ್ಯಾಲೊವೀನ್ ಸಂಜೆ ಮಿಠಾಯಿಗೆ ಬರುವ ಮಕ್ಕಳಿಗೆ. ಮನೆಮಂದಿ ಓಡಾಡುವುದೆಲ್ಲ ಗರಾಜಿನಿಂದಲೇ. ಚಪ್ಪಲಿ ಬಿಡುವುದು ಅಲ್ಲಿ, ಸೋನಾ ಮಸೂರಿ ಚೀಲ ಇಳಿಸುವುದು ಅಲ್ಲಿ, ಹಪ್ಪಳ ಕರಿಯಲು ಎರಡನೇ ಒಲೆ ಹೂಡುವುದೂ ಅಲ್ಲೇ. ಕನ್ನಡ ಕೂಟದ ನಾಟಕ ಮುಗಿದ ಮೇಲೆ ಯಾರಿಗೂ ಬೇಡವಾದ ಥರ್ಮೊಕೋಲಿನ ಮೈಸೂರು ಅರಮನೆಗೂ ಅದೇ ಆಶ್ರಯ. ಇಷ್ಟರ ನಡುವೆ ಜಾಗ ಉಳಿದರೆ ಕಾರು.

ನಮ್ಮದು ಡೆಟ್ರಾಯಿಟ್ ಪಕ್ಕದ ಊರು. ನವೆಂಬರಿನ ಚಳಿ ಬಿದ್ದದ್ದೇ ತಡ, ಗರಾಜು ಬಾಗಿಲು ಏರುವಾಗ ಅಲ್ಲಲ್ಲಿ ತಡೆದು, ಗಡಗಡ ನಡುಗಿ, ಮನಸ್ಸಿಲ್ಲದ ಮನಸ್ಸಿನಿಂದ ಮೇಲೆ ಹೋಗತೊಡಗಿತು. ಸರಿಯಾಗಿ ಅದರ ಮೇಲಿನ ಕೋಣೆಯಲ್ಲೇ, ಊರಿನಿಂದ ಬಂದ ಅತ್ತೆ-ಮಾವ ಮಲಗುವುದು.

"ಅಳಿಯಂದ್ರೇ, ಬೆಳಿಗ್ಗೆ ನೀವು ಆಫೀಸಿಗೆ ಹೊರಟ್ರೆ, ಅರಸೀಕೆರೆ ಪ್ಯಾಸೆಂಜರ್‌ನಲ್ಲಿ ಮೇಲಿನ ಬರ್ತ್ ಸಿಕ್ಕಂಗಾಗುತ್ತೆ," ಎಂದರು ಮಾವ.

ಮನೆಯಲ್ಲಿ ಸಭೆ ಸೇರಿತು. ಮೋಟಾರು ಹಳೆಯದು, ಸರಪಳಿ ತೆಗೆಸಿ ಬೆಲ್ಟಿನದು ಹಾಕಿಸಿ ಎಂದಳು ನನ್ನವಳು. ಮಗನ ಬೆರಳು ಆಗಲೇ ಮೋಟಾರಿನ ಬಲ ಹೆಚ್ಚಿಸುವ ಗುಂಡಿಯ ಮೇಲಿತ್ತು, ತಪ್ಪಿಸಿದೆ. ಬಾಗಿಲಿಗೆ ಏನಾಗಿದೆಯೆಂದು ತಿಳಿಯದೆ ಬಲ ಏರಿಸಿದರೆ, ಅಡ್ಡ ಬಂದದ್ದನ್ನು ಅದು ಅಷ್ಟೇ ಬಲವಾಗಿ ಅಮುಕುತ್ತದೆ. ಅತ್ತೆ ಮಾತ್ರ ದೃಷ್ಟಿಯಾಗಿದೆ ಎಂಬಲ್ಲಿಂದ ಕದಲಲಿಲ್ಲ. ಆಯುಧಪೂಜೆಯ ದಿನವೇ ಬಾಗಿಲು ಮುನಿಸಿಕೊಂಡಿತ್ತಂತೆ. ಅವತ್ತು ನಡೆದದ್ದು ಇಷ್ಟೇ: ಅವರು ಇಳಿಬಿಟ್ಟ ಚೆಂಡುಹೂವಿನ ಮಾಲೆ ನೆಲದಿಂದ 6 ಇಂಚಿನೊಳಗೆ ಕೂತಿರುವ ಸೆನ್ಸರ್ ಕಣ್ಣಿಗೆ ಅಡ್ಡ ಬಂದು, ಬಾಗಿಲು ಮುಚ್ಚಲೊಲ್ಲದೆ ಬಲ್ಬು ಮಿಣಮಿಣ ಎಂದಿತ್ತು. ಮಕ್ಕಳು ಬಾಗಿಲಡಿ ಸಿಕ್ಕಿಕೊಳ್ಳಬಾರದೆಂದು 1993ರಿಂದ ಇಲ್ಲಿ ತಯಾರಾಗುವ ಯಂತ್ರಗಳಿಗೆಲ್ಲ ಕಾನೂನೇ ಇಂಥ ಕಾವಲನ್ನು ಕಡ್ಡಾಯ ಮಾಡಿದೆ. ಅತ್ತೆ ಬಲ್ಬಿನ ಆ ಮಿಣಮಿಣವನ್ನು ಮಾತ್ರ ದೇವಿ ಪ್ರಸನ್ನಳಾದ ಲೆಕ್ಕಕ್ಕೆ ಬರೆದುಕೊಂಡಿದ್ದರು.

ಮಾವ ತಿಪಟೂರಿನ ಕೊಬ್ಬರಿ ವ್ಯಾಪಾರಿ. ಜೀವಮಾನವಿಡೀ ಮಂಡಿಯ ರೋಲಿಂಗ್ ಶಟರ್ ಎತ್ತಿ ಇಳಿಸಿದವರು. "ಮೋಟಾರನ್ನ ಯಾಕೆ ಬೈತೀರಿ? ಅದನ್ನ ಬಿಡಿಸಿ, ಕೈಯಲ್ಲಿ ಎತ್ತಿ ನೋಡಿ," ಎಂದರು. ಆ ಸಭೆಯಲ್ಲಿ ತೂಕವಿದ್ದ ಮಾತು ಅದೊಂದೇ. ಮಡಚಿಕೊಂಡು ಮೇಲೇರುವ ಬಾಗಿಲನ್ನು ಜಾನ್ಸನ್ ಎಂಬಾತ ಕಂಡುಹಿಡಿದದ್ದು 1921ರಲ್ಲಿ. ಅದಕ್ಕೆ ವಿದ್ಯುತ್ ಮೋಟಾರು ಕೂಡಿಸಿದ್ದು 1926ರಲ್ಲಿ. ನಡುವಿನ ವರ್ಷಗಳಲ್ಲಿ ಜನ ಕೈಯಲ್ಲೇ ಎತ್ತುತ್ತಿದ್ದರು ತಾನೇ? ಎರಡು ಕಾರಿನ ಬಾಗಿಲು 16 ಅಡಿ ಅಗಲ, 60-70 ಕಿಲೋಗೆ ಕಡಿಮೆಯಿಲ್ಲ. ಭಾರ ಹೊರುವುದು ಮೇಲಿನ ಸ್ಪ್ರಿಂಗು. ಅರ್ಧ ಕುದುರೆಬಲದ ಮೋಟಾರು ಸುಮ್ಮನೆ ದಾರಿ ತೋರಿಸುತ್ತದೆ, ಸದ್ದು ಮಾಡುತ್ತದೆ, ಹೆಸರು ತೆಗೆದುಕೊಳ್ಳುತ್ತದೆ.

ಬಾಗಿಲು ಮುಚ್ಚಿ, ತೂಗುತ್ತಿದ್ದ ಕೆಂಪು ಹಗ್ಗ ಎಳೆದು, ಕೈಯಿಂದ ಎತ್ತಿದೆ. ಅರ್ಧಕ್ಕೆ ಬಿಟ್ಟರೆ ನಿಂತಿತು, ಅಂದರೆ ಸ್ಪ್ರಿಂಗು ನೆಟ್ಟಗಿದೆ. ಆದರೆ ಎತ್ತುವಾಗ ಅದೇ ತಡೆ, ಅದೇ ನಡುಕ. ಮೋಟಾರು ನಿರ್ದೋಷಿ. ಉತ್ಸಾಹ ಬಂದ ಮಾವ ಸ್ಪ್ಯಾನರ್ ಹಿಡಿದು ಸ್ಪ್ರಿಂಗಿನತ್ತ ಹೊರಟಾಗ ಎಲ್ಲರೂ ಒಟ್ಟಿಗೇ ಕೂಗಿಕೊಂಡೆವು. ಬಿಗಿದು ಸುತ್ತಿದ ಆ ಉಕ್ಕು ಒಮ್ಮೆ ಬಿಚ್ಚಿಕೊಂಡರೆ ಕೈ ಮುರಿಯುತ್ತದೆ; ಅದೂ, ಅದಕ್ಕೆ ಬಿಗಿದ ಕೇಬಲ್ಲು ಹಿಡಿದಿರುವ ಬಾಗಿಲಿನ ಬುಡದ ಬ್ರಾಕೆಟ್ಟೂ ಕಸುಬಿನವರ ಪಾಲು.

ಟಾರ್ಚ್ ಬಿಟ್ಟೆ. ಪಕ್ಕದ ಹಳಿಯೊಳಗೆ ಉದ್ದಕ್ಕೂ ಮೇಣದಂಥ ಬಿಳಿ ಪದಾರ್ಥ ಕೂತಿತ್ತು. ನನ್ನವಳು ಬೆರಳಲ್ಲಿ ಕೆರೆದು ಮೂಸಿದಳು.

"ಅಪ್ಪಾ! ಇದು ಕೊಬ್ಬರಿ ಎಣ್ಣೆ!"

"ಹೂಂ, ಆಯುಧಪೂಜೆ ದಿನ ಹಾಕಿದ್ದೆ. ನಮ್ಮ ಶಟರಿಗೆ ಅದನ್ನೇ ಹಾಕ್ತಿದ್ದದ್ದು. ಒಂದಿನ ಹಿಡ್ಕೊಂಡಿಲ್ಲ."

"ತಿಪಟೂರಲ್ಲಿ ಹಿಮ ಬೀಳುತ್ತಾ ಅಪ್ಪ?"

ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುವ ಎಣ್ಣೆ, ಸೊನ್ನೆಗಿಳಿದ ಗರಾಜಿನಲ್ಲಿ ಕಲ್ಲಾಗದೆ ಇನ್ನೇನಾದೀತು? ಮಾವ ಒಂಚೂರೂ ಅಳುಕಲಿಲ್ಲ. "ಮಾಗೀಲಿ ಬಾಟ್ಲಿ ಬಿಸಿಲಿಗೆ ಇಡಲ್ವಾ? ಬಾಗಿಲನ್ನೂ ಹಂಗೇ ಬಿಸಿಲಿಗೆ ಇಡಿ."

ಮಿಷಿಗನ್ನಿನ ನವೆಂಬರಿನಲ್ಲಿ ಬಿಸಿಲಿಗೆ ಎಲ್ಲಿ ಹೋಗುವುದು? ಹೇರ್ ಡ್ರೈಯರ್ ಬಂತು. ಕರಗಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸುತ್ತ ಹೋದಂತೆ ಗರಾಜಿಗೆಲ್ಲ ಅಭ್ಯಂಜನದ ವಾಸನೆ; ಅತ್ತೆ, ಹೇಗೂ ಬಿಸಿ ಮಾಡಿದ್ದೀರಲ್ಲ ಎಂದು ಮೊಮ್ಮಗನ ತಲೆಗೆ ಒಂದಿಷ್ಟು ತಟ್ಟಿದರು. ಹಳಿಗೆ ಯಾವ ಎಣ್ಣೆಯೂ ಬೇಡ. ಗಾಲಿ ಅಲ್ಲಿ ಉರುಳಬೇಕು, ಜಾರಬಾರದು. ಚಳಿಗೆ ಬಗ್ಗದ ಲಿಥಿಯಂ ಗ್ರೀಸು ಬೇಕಾದದ್ದು ಕೀಲುಗಳಿಗೆ ಮತ್ತು ಗಾಲಿಗಳ ಬೇರಿಂಗಿಗೆ. ಮಧ್ಯದ ಒಂದು ಗಾಲಿ ಪೂರ್ತಿ ಹಿಡಿದುಕೊಂಡಿತ್ತು. ಅದರ ಜಾಗಕ್ಕೆ ನೈಲಾನಿನದು ಬಂತು.

ಮೋಟಾರಿಗೆ ಮತ್ತೆ ಜೋಡಿಸಿದ ಮೇಲೆ ಪರೀಕ್ಷೆ: ಬಾಗಿಲಡಿ ಒಂದೂವರೆ ಇಂಚು ದಪ್ಪದ ಮರ ಅಡ್ಡ ಇಟ್ಟರೆ ಅದು ಮುಟ್ಟಿ ಹಿಂದಿರುಗಬೇಕು. ಅತ್ತೆ ಊಟದ ಮಣೆ ತಂದುಕೊಟ್ಟರು. ಬಾಗಿಲು ಸದ್ದಿಲ್ಲದೆ ಇಳಿದು, ಮಣೆಯನ್ನು ಸೋಕಿ, ವಿನಯದಿಂದ ಮೇಲೆ ಹೋಯಿತು.

ಮಾವನ ಗಮನ ಆಗಲೇ ಗ್ರೀಸಿನ ಡಬ್ಬಿಯ ಮೇಲಿತ್ತು. ತಿರುವಿ ತೂಕ ಓದಿದರು, ಬೆಲೆ ಕೇಳಿದರು, ಡಾಲರನ್ನು ರೂಪಾಯಿಗೆ ಇಳಿಸಿ ಕ್ವಿಂಟಾಲಿಗೆ ಏರಿಸಿದರು.

"ಈ ರೇಟು ನಮ್ಮ ಉಂಡೆ ಕೊಬ್ಬರಿಗೆ ಸಿಕ್ಕಿದ್ರೆ, ಅಳಿಯಂದ್ರೇ," ಎಂದರು, "ನಿಮ್ಮನ್ನ ಇಷ್ಟು ದೂರ ಯಾಕೆ ಕಳಿಸ್ತಿದ್ದೆ?"