ಉದರದ ಚೆಕ್ಕುಬಂದಿ

ನಿಯಮವನ್ನು ಮುರಿಯುವವರಿಗೆ ನಾನು ಹೆದರುವುದಿಲ್ಲ. ಅವರು ಮುರಿದು ಸುಮ್ಮನಾಗುತ್ತಾರೆ. ನಿಯಮವನ್ನು ಶಿರಸಾ ವಹಿಸಿ, ಅದರ ಪ್ರತಿಯೊಂದು ಅಕ್ಷರವನ್ನೂ ಭಕ್ತಿಯಿಂದ ಓದಿ, ಆ ಅಕ್ಷರಗಳ ನಡುವಣ ತೆರಪಿನಲ್ಲಿ ಒಂದು ಒಬ್ಬಟ್ಟು ನುಸುಳುವಷ್ಟು ದಾರಿಯನ್ನು ಕಂಡುಹಿಡಿಯುವ ಸಜ್ಜನರ ಪಂಗಡವೇ ಬೇರೆ. ಆ ಪಂಗಡದ ಕುಲತಿಲಕರು ನಮ್ಮ ರಾಯರು.

ಉಪನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳ ನಡುವೆ ಬಾಳಿ, ಈಚೆಗೆ ನಿವೃತ್ತರಾಗಿ ಮೈಸೂರಿನ ನಮ್ಮ ಬೀದಿಯಲ್ಲಿ ನೆಲಸಿರುವ ಈ ಮಹಾಶಯರ ಎತ್ತರ 168 ಸೆಂಟಿಮೀಟರು, ತೂಕ 124 ಕಿಲೋ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬಿ.ಎಂ.ಐ. ಎಂಬ ಅಂಕವನ್ನು ತೆಗೆಯುವ ಪದ್ಧತಿಯೊಂದುಂಟಷ್ಟೆ. ನಮ್ಮ ದೇಶದವರಿಗೆ ಅದು 23 ದಾಟಿದರೇ ಎಚ್ಚರಿಕೆಯ ಗಂಟೆಯಂತೆ. ರಾಯರದು 44. ಆ ಲೆಕ್ಕದಲ್ಲಿ ಅವರು ಒಬ್ಬರಲ್ಲ, ಹೆಚ್ಚುಕಡಿಮೆ ಇಬ್ಬರು. ಇಬ್ಬರಿಗೂ ಸೇರಿ ಒಂದು ಸಕ್ಕರೆ ಕಾಯಿಲೆ. ಇಬ್ಬರಿಗೂ ಸೇರಿ ಒಂದು ಗೊರಕೆ. ಆ ಗೊರಕೆ ನಡುರಾತ್ರಿಯಲ್ಲಿ ತಟ್ಟನೆ ನಿಂತು, ಉಸಿರೂ ಅದರೊಡನೆ ನಿಂತು, ಪಕ್ಕದಲ್ಲಿದ್ದ ಅವರ ಧರ್ಮಪತ್ನಿ ಎದ್ದು ಕುಳಿತು ಎಣಿಸತೊಡಗಿದ ಮೇಲೆಯೇ ಮತ್ತೆ ಆರಂಭವಾಗುತ್ತಿತ್ತು.

ಜಠರದ ಶಸ್ತ್ರಚಿಕಿತ್ಸೆಯೇ ದಾರಿಯೆಂದು ವೈದ್ಯರು ಹೇಳಿದಾಗ ರಾಯರು ಗಾಬರಿಗೊಳ್ಳಲಿಲ್ಲ, ಮೂಲಪತ್ರವನ್ನು ಕೇಳಿದರು. ಕೊಡುವವರಾರೂ ಇಲ್ಲವಾಗಿ, ತಾವೇ ಮೂರು ದಿನ ಶೋಧಿಸಿ, 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಈ ವಿದ್ಯೆಗೆ ನಾಂದಿ ಹಾಡಿದರೆಂಬುದನ್ನು ಪತ್ತೆಹಚ್ಚಿ, "ಸುಮಾರು ಅರುವತ್ತು ವರ್ಷದ ಸ್ವಾಧೀನಾನುಭವ ಇದೆಯಯ್ಯ, ಹಕ್ಕಿನಲ್ಲಿ ದೋಷವಿಲ್ಲ" ಎಂದು ನನ್ನಲ್ಲಿ ಸಮಾಧಾನ ವ್ಯಕ್ತಪಡಿಸಿದರು. ಮೇಸನ್ನರು ಜಠರವನ್ನು ಬಳಸಿಕೊಂಡು ಹೋಗುವ ಅಡ್ಡದಾರಿಯನ್ನು ಕಟ್ಟಿದರೆ, ರಾಯರಿಗೆ ನಿಶ್ಚಯವಾದದ್ದು ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿದ ಭಾಗವನ್ನು ಕತ್ತರಿಸಿ ತೆಗೆದು, ಬಾಳೆಯಕಾಯಿಯಂಥ ಒಂದು ಕೊಳವೆಯನ್ನು ಮಾತ್ರ ಉಳಿಸುವ ಬಗೆ. ಅದು ಇದರ ಹಿರಿಯಣ್ಣನೆಂದೂ, ವಂಶವೃಕ್ಷ ಸರಿಯಾಗಿದೆಯೆಂದೂ ಅವರೇ ತೀರ್ಪಿತ್ತರು.

ಶಸ್ತ್ರಕ್ಕೆ ಮುನ್ನ 14 ದಿನಗಳ ಪಥ್ಯ. ಅದನ್ನು ವಿಧಿಸಿದ ಆಹಾರತಜ್ಞೆ ರಾಯರ ಕಿರಿಯ ಮಗಳ ವಯಸ್ಸಿನವಳು. "ಸರ್, ಇದು ತೂಕ ಇಳಿಸೋಕಲ್ಲ, ಲಿವರ್ ಕುಗ್ಗಿಸೋಕೆ" ಎಂದು ಅವಳು ಆರಂಭಿಸಿ ಹೇಳಿದ್ದರ ಸಾರಾಂಶವಿಷ್ಟು: ಯಕೃತ್ತಿನ ಎಡಹಾಳೆ ಜಠರದ ಮೇಲೆ ಸೂರಿನಂತೆ ಚಾಚಿಕೊಂಡಿರುತ್ತದೆ, ಸ್ಥೂಲಕಾಯರಲ್ಲಿ ಅದು ಕೊಬ್ಬು ತುಂಬಿ ಊದಿ, ಮೃದುವಾಗಿ, ಮುಟ್ಟಿದರೆ ರಕ್ತ ಒಸರುವಂತಿರುತ್ತದೆ, ಬೆರಳು ತೂರುವಷ್ಟರ ರಂಧ್ರಗಳಿಂದ ಒಳಹೊಕ್ಕ ಶಸ್ತ್ರವೈದ್ಯರು ಅದನ್ನು ಎತ್ತಿ ಹಿಡಿಯದೆ ಜಠರವನ್ನು ಕಾಣಲಾರರು, ಎರಡು ವಾರ ಪಿಷ್ಟ ಸಕ್ಕರೆಗಳನ್ನು ತೊರೆದರೆ ಯಕೃತ್ತು ತಾನು ಕೂಡಿಟ್ಟ ಗ್ಲೈಕೋಜನ್ನನ್ನು ವ್ಯಯಮಾಡುತ್ತದೆ, ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಮು ನೀರೂ ಹೊರಟುಹೋಗುತ್ತದೆ, ಕೊಬ್ಬೂ ಕರಗತೊಡಗುತ್ತದೆ. ರಾಯರು ಎಲ್ಲವನ್ನೂ ಆಲಿಸಿ, "ಅಂದರೆ ನೆರೆಯವನು ಒತ್ತುವರಿ ಮಾಡಿದ್ದಾನೆ, ತೆರವು ಮಾಡಿಸಬೇಕು, ಅಷ್ಟೇ ತಾನೇ ತಾಯಿ?" ಎಂದರು. ಅಷ್ಟೇ ಎಂದು ಅವಳೂ ಒಪ್ಪಿದಳು. ದಿನಕ್ಕೆ 800 ಕ್ಯಾಲೊರಿ. ಕೆನೆ ತೆಗೆದ ಹಾಲಿನಲ್ಲಿ ಕದಡಿದ ಪ್ರೋಟೀನ್ ಪುಡಿ, ತಿಳಿ ಸಾರು, ನೀರು ಮಜ್ಜಿಗೆ, 2 ಲೀಟರು ನೀರು. ಸಕ್ಕರೆ ಮಾತ್ರೆಯ ಪ್ರಮಾಣವನ್ನು ವೈದ್ಯರೇ ಇಳಿಸಿದರು. ಜೊತೆಗೊಂದು ದಿನಚರಿ ಪುಸ್ತಕ: ಬಾಯಿಗೆ ಬಿದ್ದದ್ದನ್ನೆಲ್ಲ ಅದರಲ್ಲಿ ಬರೆಯತಕ್ಕದ್ದು.

ಹಾಳೆಯ ನೆತ್ತಿಯ ಮೇಲೆ 'ದ್ರವಾಹಾರ' ಎಂದು ಮುದ್ರಿತವಾಗಿದ್ದುದೇ ಅನರ್ಥಕ್ಕೆ ಕಾರಣ. ತಾನಿರುವ ಪಾತ್ರೆಯ ಆಕಾರವನ್ನು ತಾಳುವುದೇ ದ್ರವವೆಂಬುದು ಶಾಲೆಯ ಮಕ್ಕಳಿಗೂ ಗೊತ್ತು; ಆದುದರಿಂದ ಬಾದಾಮಿ ಹಾಲು ದ್ರವ; ಪಾಯಸ ದ್ರವ, ಅದರಲ್ಲಿ ತೇಲುವ ಶಾವಿಗೆ ಕೇವಲ ಪ್ರಾಸಂಗಿಕ; ತುಪ್ಪವಾದರೋ ಸ್ಥಿತ್ಯಂತರವುಳ್ಳದ್ದು, ಕಾಯಿಸಿದೊಡನೆ ಅನುಸೂಚಿಯ ಒಳಗೆ ಬರುತ್ತದೆ. ಈ ವ್ಯಾಖ್ಯಾನಶಕ್ತಿ ರಾಯರಿಗೆ ಕಚೇರಿಯಿಂದ ಮಾತ್ರ ಬಂದದ್ದೆಂದು ನಾನು ಭಾವಿಸುವುದಿಲ್ಲ. ಏಕಾದಶಿಯ ದಿನ ಅನ್ನವನ್ನು ಕಟ್ಟುನಿಟ್ಟಾಗಿ ವರ್ಜಿಸಿ, ರವೆಯ ಉಪ್ಪಿಟ್ಟನ್ನೂ ಒಗ್ಗರಣೆಯ ಅವಲಕ್ಕಿಯನ್ನೂ 'ಫಲಾಹಾರ'ವೆಂಬ ಹೆಸರಿನಲ್ಲಿ ಎರಡೆರಡು ಬಾರಿ ಬಡಿಸಿಕೊಳ್ಳುವ ಮನೆಗಳಲ್ಲಿ ಬೆಳೆದ ನಮಗೆಲ್ಲರಿಗೂ, ನಾನೂ ಸೇರಿದಂತೆ, ಅದು ಹುಟ್ಟಿನಿಂದ ಬಂದ ವಿದ್ಯೆ.

ಪಥ್ಯದ ನಾಲ್ಕನೆಯ ದಿನ ಯುಗಾದಿ. ನನ್ನನ್ನು ಊಟಕ್ಕೆ ಕರೆದಿದ್ದರು. ಎಲೆಯ ಮುಂದೆ ರಾಯರೂ ಕುಳಿತು, ಅನುಮತವಾದ ಸಾರನ್ನು ಬಟ್ಟಲಲ್ಲಿ ತರಿಸಿದರು. ಬಂದದ್ದು ಒಬ್ಬಟ್ಟಿನ ಸಾರು. ಅದನ್ನು ಕುಡಿದು, ಸ್ವಲ್ಪ ಹೊತ್ತು ಧ್ಯಾನಸ್ಥರಾಗಿದ್ದು, ಒಂದು ಕಾನೂನಿನ ಅಂಶವನ್ನು ಎತ್ತಿದರು. ಬೇಳೆ ಒಂದೇ, ಬೇಯಿಸಿ ಬಸಿದಾಗ ಕಟ್ಟು ಸಾರಿನ ಪಾಲಿಗೆ ಹೋಯಿತು, ಬೇಳೆ ಹೂರಣದ ಪಾಲಿಗೆ ಹೋಯಿತು, ಒಂದೇ ತಾಯಿಯ ಇಬ್ಬರು ಹಕ್ಕುದಾರರಲ್ಲಿ ಒಬ್ಬನಿಗೆ ಪ್ರವೇಶ ಕೊಟ್ಟು ಇನ್ನೊಬ್ಬನನ್ನು ಬಾಗಿಲಲ್ಲಿ ನಿಲ್ಲಿಸುವುದು ಯಾವ ನ್ಯಾಯ? "ರೀ, ನಿಮ್ಮ ಹಾಳೆಯಲ್ಲಿ ಒಬ್ಬಟ್ಟು ಎಲ್ಲಿದೆ ತೋರಿಸಿ" ಎಂದರು ಅವರ ಪತ್ನಿ. "ಕೂಡದೆಂದು ಎಲ್ಲಿದೆ, ನೀನು ತೋರಿಸು" ಎಂದರು ರಾಯರು. ಆಕೆ ನನ್ನ ಕಡೆ ನೋಡಿದರು. ನಾನು ಆಗ ಮೂರನೆಯ ಒಬ್ಬಟ್ಟಿನಲ್ಲಿದ್ದೆನಾಗಿ, ನಿಷ್ಪಕ್ಷಪಾತವಾದ ಅಭಿಪ್ರಾಯವನ್ನು ಕೊಡುವ ಸ್ಥಿತಿಯಲ್ಲಿರಲಿಲ್ಲ.

ಇಷ್ಟೆಲ್ಲ ಉಪಾಯ ಬಲ್ಲ ಮನುಷ್ಯ ದಿನಚರಿಯಲ್ಲಿ ಒಂದು ಸುಳ್ಳನ್ನು ಬರೆದಿದ್ದರೆ ಕಥೆ ಬೇರೆಯಾಗುತ್ತಿತ್ತು. ಆದರೆ ನಿಯಮವನ್ನು ಎಷ್ಟಾದರೂ ಬಾಗಿಸಬಲ್ಲ ರಾಯರಿಗೆ, ರೂಲು ಹಾಕಿದ ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುವುದಕ್ಕಾಗಲಿ ಇದ್ದದ್ದನ್ನು ಬಿಡುವುದಕ್ಕಾಗಲಿ ಕೈಬಾರದು. ಐದನೆಯ ದಿನ ಆಸ್ಪತ್ರೆಯ ತಕ್ಕಡಿ 700 ಗ್ರಾಮು ಹೆಚ್ಚಿಗೆ ತೋರಿಸಿದಾಗ, ಆ ಹುಡುಗಿ ಪುಸ್ತಕವನ್ನು ತೆರೆದು ಗಟ್ಟಿಯಾಗಿ ಓದಿದಳು: "ಯುಗಾದಿ ದಿವಸ ಮಧ್ಯಾಹ್ನ 1 ಗಂಟೆ 10 ನಿಮಿಷಕ್ಕೆ ಒಬ್ಬಟ್ಟು ಎರಡು. ಚೆಕ್ಕುಬಂದಿ: ಪೂರ್ವಕ್ಕೆ ತುಪ್ಪ, ಪಶ್ಚಿಮಕ್ಕೆ ಹಾಲು, ಉತ್ತರಕ್ಕೆ ಬಾಳೆಹಣ್ಣಿನ ರಸಾಯನ, ದಕ್ಷಿಣಕ್ಕೆ ಎಲೆಯ ಅಂಚು, ಈ ಮಧ್ಯೆ ಇರುವ ಸ್ವತ್ತು ಪೂರಾ." ಕೆಳಗೆ ಸಾಕ್ಷಿಯೆಂದು ನನ್ನ ಹೆಸರು, ಬಾಗಿಲು ನಂಬರು ಸಮೇತ.

ಅವಳು ಬಯ್ಯಲಿಲ್ಲ. ನಗುವನ್ನು ತಡೆದುಕೊಂಡು, ಕೆಂಪು ಶಾಯಿಯಲ್ಲಿ, 'ಇಂದಿನಿಂದ ಮತ್ತೆ ದಿನ 1. ಹಾಳೆಯಲ್ಲಿ ಇಲ್ಲದ್ದು ಇಲ್ಲ' ಎಂದು ಷರಾ ಬರೆದು, ಸಹಿ ಮಾಡಿ, ತಾರೀಖು ಹಾಕಿ, ಅದರ ಮೇಲೆ ಆಸ್ಪತ್ರೆಯ ಮೊಹರನ್ನೊತ್ತಿದಳು. ಮೊಹರು ಬಿದ್ದ ಸದ್ದಿಗೆ ರಾಯರು ಕುರ್ಚಿಯಿಂದ ಎದ್ದುನಿಂತರೆಂದು ಅವರ ಪತ್ನಿ ಹೇಳುತ್ತಾರೆ. ಬಾಯಿಮಾತಿನ ಉಪದೇಶಕ್ಕೆ ಸಾವಿರ ಸಂದು. ಮೇಲಧಿಕಾರಿಯ ಮೊಹರಿಗೆ ಒಂದೂ ಇಲ್ಲ.

ಮುಂದಿನ 14 ದಿನಗಳಲ್ಲಿ ರಾಯರು 5 ಕಿಲೋ ಇಳಿದರು. ಆ ಇಳಿತದ ಒಂದು ಭಾಗ ನನಗೆ ವರ್ಗಾವಣೆಯಾಯಿತೆಂಬುದನ್ನು ಮಾತ್ರ ಇಲ್ಲಿ ದಾಖಲಿಸಬೇಕಾಗಿದೆ. ಪ್ರತಿ ಸಾಯಂಕಾಲವೂ ಆ ಪ್ರೋಟೀನ್ ಹಾಲಿನ ಲೋಟವನ್ನು ಹಿಡಿದು ನಮ್ಮ ಜಗಲಿಗೆ ಬಂದು ಕುಳಿತು, "ಇವತ್ತೇನು ತಿಂಡಿ ಮಾಡಿದೆಯಯ್ಯ?" ಎಂದು ವಿಚಾರಣೆಯನ್ನು ಆರಂಭಿಸುವರು. ದೋಸೆಯೆಂದರೆ ಸಾಲದು, ಅಂಚು ಗರಿಗರಿಯಾಗಿತ್ತೋ, ಬೆಣ್ಣೆಯನ್ನು ಮೇಲಿಟ್ಟರೋ ಒಳಗಿಟ್ಟರೋ, ಪಲ್ಯದಲ್ಲಿ ಈರುಳ್ಳಿ ಎಷ್ಟು, ಎಲ್ಲವೂ ಬೇಕು. ನೆನಪಿಲ್ಲವೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಅವರ ಮನಸ್ಸನ್ನು ನೋಯಿಸಲಾರದೆ ನಾನು ಎರಡನೆಯ ದೋಸೆಯನ್ನು ಹಾಕಿಸಿಕೊಂಡು ಸರಿಯಾಗಿ ಗಮನಿಸಿ ಬರುವ ಅಭ್ಯಾಸ ಮಾಡಿದೆ. ಪಥ್ಯ ಮುಗಿಯುವ ಹೊತ್ತಿಗೆ ನನ್ನ ಷರಾಯಿ ಬಿಗಿಯಾಗಿತ್ತು.

ಶಸ್ತ್ರಚಿಕಿತ್ಸೆಯ ಬೆಳಗ್ಗೆ ಒಪ್ಪಿಗೆ ಪತ್ರವನ್ನು ಮುಂದಿಟ್ಟಾಗ, ಉಳಿದವರು ಓದದೆ ರುಜು ಮಾಡುವ ಆ ಹಾಳೆಗಳನ್ನು ರಾಯರು ಮುಕ್ಕಾಲು ಗಂಟೆ ಓದಿದರು. ತೆಗೆದ ಭಾಗ ಯಾರ ಸ್ವಾಧೀನಕ್ಕೆ ಹೋಗತಕ್ಕದ್ದೆಂದು ಕೇಳಿ, ಪರೀಕ್ಷೆಗಾಗಿ ಪ್ರಯೋಗಾಲಯಕ್ಕೆ ಎಂಬ ಉತ್ತರದಿಂದ ತೃಪ್ತರಾಗಿ, "ಆದರೆ ಡಾಕ್ಟ್ರೇ, ನನಗೆ ಉಳಿಯುವ ಭಾಗಕ್ಕೆ ಚೆಕ್ಕುಬಂದಿ ಬರೆದಿಲ್ಲವಲ್ಲ" ಎಂದರು. ಶಸ್ತ್ರವೈದ್ಯರು ತಾಳ್ಮೆಯ ಮನುಷ್ಯ. "ಬರೆದುಕೊಳ್ಳಿ ರಾಯರೆ: ಮೇಲಕ್ಕೆ ಅನ್ನನಾಳ, ಕೆಳಕ್ಕೆ ಸಣ್ಣ ಕರುಳು, ಬಲಕ್ಕೆ ಯಕೃತ್ತು, ಎಡಕ್ಕೆ ಗುಲ್ಮ" ಎಂದರು. ರಾಯರು ಅಂಚಿನಲ್ಲಿ ದುಂಡಗೆ ಬರೆದು, ಒಮ್ಮೆ ಓದಿ ನೋಡಿ, ರುಜು ಮಾಡಿ, ಲೇಖನಿಯನ್ನು ನನ್ನ ಕಡೆ ಚಾಚಿದರು.

"ಹಾಕಯ್ಯ. ಒಬ್ಬಟ್ಟಿಗೂ ನೀನೇ ಸಾಕ್ಷಿಯಾಗಿದ್ದೆ."