ಅರ್ಧ ತುಂಬಿದ ಟ್ಯಾಂಕಿಗೆ ಮೋಕ್ಷವಿಲ್ಲ: ಒಂದು ಶಿಶಿರ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅದನ್ನು ಓದಲು ಅಧಿಕಾರಿ ಯಾರೆಂದು ಮೊದಲೇ ಹೇಳಿಬಿಡುವುದು ಪದ್ಧತಿ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಸೀಮೆಯವನೂ, 1950ರ ದಶಕದ ಔಟ್‌ಬೋರ್ಡ್ ಮೋಟಾರುಗಳನ್ನು ಗ್ಯಾರೇಜಿನ ತುಂಬ ಕೂಡಿಹಾಕಿದವನೂ, ಆ ಕಾರಣದಿಂದಲೇ ಕಾರನ್ನು ಹಿಮದಲ್ಲಿ ನಿಲ್ಲಿಸುವವನೂ ಆದ ಮುಮುಕ್ಷುವೇ ಇಲ್ಲಿ ಅಧಿಕಾರಿ. ಒಂದೇ ಮೋಟಾರು ಇಟ್ಟುಕೊಂಡು, ಅದನ್ನೂ ದೋಣಿ ಓಡಿಸಲು ಬಳಸುವವನು ಬರೀ ಲೌಕಿಕ. ಅವನಿಗೆ ಶಾಸ್ತ್ರ ರುಚಿಸದು.

ಈ ಸಂಪ್ರದಾಯದ ಮೂಲಪುರುಷ ನಾರ್ವೆಯಲ್ಲಿ 1877ರಲ್ಲಿ ಹುಟ್ಟಿದ ಓಲೆ ಇವಿನ್‌ರೂಡ್. ವಿಸ್ಕಾನ್ಸಿನ್ನಿನ ಒಕಾಚಿ ಸರೋವರದಲ್ಲಿ ಪ್ರಿಯತಮೆ ಬೆಸ್‌ಗೆ ಐಸ್‌ಕ್ರೀಮ್ ತರಲೆಂದು ದೋಣಿಗೆ ಹುಟ್ಟು ಹಾಕುತ್ತ ಹೋದನಂತೆ. ತಿರುಗಿ ಬರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಆ ಸಂತಾಪವೇ ಮುಂದೆ ಮೋಟಾರಾಗಿ, 1909ರಲ್ಲಿ ಮಿಲ್ವಾಕಿಯಲ್ಲಿ ಮಾರಾಟಕ್ಕೆ ಬಂತೆಂದು ಸ್ಥಳಪುರಾಣ. ಐಸ್‌ಕ್ರೀಮ್ ಕರಗಿದ್ದರಿಂದ ಸೂತ್ರ ಹುಟ್ಟಿತು. ಸರೋವರ ಹೆಪ್ಪುಗಟ್ಟುವುದರಿಂದ ಅದಕ್ಕೆ ಭಾಷ್ಯ ಬೇಕಾಯಿತು.

ವಿಷಯ. ಜಾನ್ಸನ್ ಮೋಟಾರಿನ ‘ಮೈಲ್-ಮಾಸ್ಟರ್’, ಇವಿನ್‌ರೂಡ್ ಮೋಟಾರಿನ ‘ಕ್ರೂಸ್-ಎ-ಡೇ’ ಎಂಬ ಉಕ್ಕಿನ ಪೆಟ್ರೋಲು ಟ್ಯಾಂಕುಗಳು ಇಲ್ಲಿ ವಿಚಾರಣೀಯ. ಆರು ಗ್ಯಾಲನ್, ಎಂದರೆ ಸುಮಾರು 23 ಲೀಟರ್ ಹಿಡಿಯುವಂಥವು. ಇವಕ್ಕೆ ಎರಡು ಕೊಳವೆ: ಒಂದರಲ್ಲಿ ಮೋಟಾರು ಟ್ಯಾಂಕಿನೊಳಕ್ಕೆ ಗಾಳಿ ಒತ್ತುತ್ತದೆ, ಇನ್ನೊಂದರಲ್ಲಿ ಪೆಟ್ರೋಲು ಮೋಟಾರಿಗೆ ಏರುತ್ತದೆ. ಮೋಟಾರಿನಲ್ಲಿ ಪೆಟ್ರೋಲು ಪಂಪ್ ಬೇರೆ ಇಲ್ಲ. ಕೊಡು-ಕೊಳ್ಳುವ ಸಂಬಂಧ ಇಷ್ಟು ಚೊಕ್ಕವಾಗಿರುವುದು ಸಂಸಾರದಲ್ಲೂ ಅಪರೂಪ.

ಸಂಶಯ. ಚಳಿಗಾಲ ಕಳೆಯುವವರೆಗೆ ಈ ಟ್ಯಾಂಕನ್ನು ತುಂಬಿಡಬೇಕೋ, ಬರಿದು ಮಾಡಿಡಬೇಕೋ?

ಪೂರ್ವಪಕ್ಷ. ಪೂರ್ಣವಾದಿಗಳು ಹೇಳುತ್ತಾರೆ: ತುಂಬಿಡತಕ್ಕದ್ದು, ಗಾಳಿಗೆ ಎಡೆಯಿಲ್ಲದ್ದರಿಂದ; ಗಾಳಿಯಿಲ್ಲದಲ್ಲಿ ತೇವವಿಲ್ಲ, ತೇವವಿಲ್ಲದಲ್ಲಿ ತುಕ್ಕಿಲ್ಲ. ಶೂನ್ಯವಾದಿಗಳು ಪೆನ್ಸಿಲ್ ತೆಗೆಯುತ್ತಾರೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 23 ಲೀಟರ್ ಗಾಳಿ ಹೊರಬಲ್ಲ ಆವಿ ಹೆಚ್ಚೆಂದರೆ 0.4 ಗ್ರಾಂ. ಎಂಟು ಹನಿ ನೀರಿಗೆ ಇಷ್ಟು ಗಾಬರಿಯೇ? ಪೂರ್ಣವಾದಿಗಳ ಸಮಾಧಾನ: ಮುಚ್ಚಳದ ಗ್ಯಾಸ್ಕೆಟ್ ಒಣಗಿ ಬಿರುಕುಬಿಟ್ಟಿದ್ದರೆ ಟ್ಯಾಂಕು ಹಗಲು ಉಸಿರು ಬಿಡುತ್ತದೆ, ಇರುಳು ಎಳೆದುಕೊಳ್ಳುತ್ತದೆ, ಎಂಟು ಹನಿ ದಿನದಿನವೂ ಕಂತು ಕಟ್ಟುತ್ತದೆ.

ಆಗ ಶೂನ್ಯವಾದಿಗಳು ಬ್ರಹ್ಮಾಸ್ತ್ರ ಬಿಡುತ್ತಾರೆ. ಅಮೆರಿಕದ ಈಗಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಪಾಲು ಎಥನಾಲ್. ಅದು ನೀರನ್ನು ಕರೆದು ಕೂಡಿಸಿಕೊಳ್ಳುತ್ತದೆ. ನೂರಕ್ಕೆ ಅರೆಪಾಲು ನೀರು ಸೇರಿತೋ, ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಂದಿಗೆ ತಳಕ್ಕಿಳಿಯುತ್ತದೆ. ಚಳಿ ಹೆಚ್ಚಿದಷ್ಟೂ ಈ ವಿಚ್ಛೇದನ ಸಲೀಸು. ಈ ಟೂ-ಸ್ಟ್ರೋಕ್ ಮೋಟಾರಿನ ಪ್ರಾಣವಾದ, ಪೆಟ್ರೋಲಿಗೆ ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಹೀರುವ ಕೊಳವೆಯ ಬಾಯಿ ಇರುವುದು ತಳದಲ್ಲಿ. ವಸಂತದಲ್ಲಿ ಹಗ್ಗ ಎಳೆದವನು ಮೋಟಾರಿಗೆ ಮೊದಲು ಕುಡಿಸುವುದು ಎಣ್ಣೆಯಿಲ್ಲದ ನೀರುಮದ್ಯ.

ಸಿದ್ಧಾಂತ. ಸೂಕ್ಷ್ಮವಾಗಿ ನೋಡಿದರೆ ಎರಡು ಮತಗಳೂ ಒಳಗೊಳಗೇ ಎದುರಾಳಿಗೆ ಶರಣಾಗಿವೆ. ಎಥನಾಲ್ ಇಲ್ಲದ ಪೆಟ್ರೋಲನ್ನೇ ಹುಡುಕಿ ತಂದು, ಕೆಡದಂತೆ ಸ್ಟೆಬಿಲೈಸರ್ ಬೆರೆಸಿದ ಪೂರ್ಣವಾದಿ ಕೂಡ ಟ್ಯಾಂಕನ್ನು ಕಂಠದವರೆಗೆ ತುಂಬುವಂತಿಲ್ಲ. ಮೈನಸ್ 20 ಡಿಗ್ರಿಯಲ್ಲಿ ತುಂಬಿದ 23 ಲೀಟರ್, ಪ್ಲಸ್ 20ಕ್ಕೆ ಬರುವಾಗ ಮುಕ್ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಗ್ಯಾರೇಜಿನಲ್ಲಿ ಗ್ಯಾಸಿನ ವಾಟರ್ ಹೀಟರ್ ಇದ್ದರಂತೂ ಹೊರಗೆ ಸೋರಿದ ಆವಿ ನೆಲಕ್ಕಂಟಿ ಜ್ವಾಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಅವನದು ‘ಕಿಂಚಿದೂನಪೂರ್ಣವಾದ’. ಶೂನ್ಯವಾದಿಯೂ ಬರಿದು ಮಾಡಿದ ಟ್ಯಾಂಕನ್ನು ಹಾಗೇ ಮುಚ್ಚುವಂತಿಲ್ಲ. ಪೆಟ್ರೋಲು ಹೋದರೂ ಆವಿ ಹೋಗದು. ಆವಿ ತುಂಬಿದ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಬೇಗ ಸಿಡಿಯುವ ಜಾತಿ. ಬಯಲಲ್ಲಿ ವಾಸನೆ ಸಾಯುವವರೆಗೆ ಬಾಯಿ ತೆರೆದಿಟ್ಟು, ಆಮೇಲೆ ಒಂದಿಷ್ಟು ಟೂ-ಸ್ಟ್ರೋಕ್ ಎಣ್ಣೆ ಸುರಿದು, ಮಗುವಿಗೆ ಅಭ್ಯಂಜನ ಮಾಡಿಸುವಂತೆ ಆರೂ ಮಗ್ಗುಲಿಗೆ ಹೊರಳಿಸಬೇಕು. ಅವನದು ‘ತೈಲಲಿಪ್ತಶೂನ್ಯವಾದ’.

ಹೀಗೆ ಕೊಂಚ ಖಾಲಿಯಾದ ಪೂರ್ಣವೂ ಕೊಂಚ ತುಂಬಿದ ಶೂನ್ಯವೂ ಸಾಧುವೇ. ಜಗತ್ತಿನ ದರ್ಶನಗಳೆಲ್ಲ ಹೊಗಳುವ ಮಧ್ಯಮಮಾರ್ಗ ಮಾತ್ರ ಇಲ್ಲಿ ಘೋರಪಾತಕ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಬೆವರಲು ಗೋಡೆಯೂ ಉಂಟು, ಕೆಡಲು ಪೆಟ್ರೋಲೂ ಉಂಟು. ಆದರೂ ಬಹುಮತ ಈ ಮತಕ್ಕೇ. ಏಕೆಂದರೆ ಇದರ ಅನುಯಾಯಿಯಾಗಲು ಏನೂ ಮಾಡಬೇಕಾಗಿಲ್ಲ. ಸೀಸನ್ನಿನ ಕೊನೆಯ ಭಾನುವಾರ ಟ್ಯಾಂಕನ್ನು ಮೂಲೆಗೆ ತಳ್ಳಿದರೆ ದೀಕ್ಷೆ ಮುಗಿಯಿತು.

ಪ್ರಾಯಶ್ಚಿತ್ತ. ತುಕ್ಕು ಹಿಡಿದಿದೆಯೋ ಎಂದು ಅಲುಗಾಡಿಸಿ ನೋಡುವುದು ಶ್ರಾವಣ ಪ್ರಮಾಣ. ಗರಗರ ಸದ್ದು ಹೇತು, ತುಕ್ಕು ಸಾಧ್ಯ. ಇಲ್ಲೊಂದು ಹೇತ್ವಾಭಾಸವಿದೆ: ಹಿಂದಿನ ಮಾಲೀಕ ತುಕ್ಕು ಕೆರೆಯಲೆಂದು ಹಿಡಿ ನಟ್ಟು ಹಾಕಿ ಕುಲುಕಿ, ಒಂದೆರಡನ್ನು ಒಳಗೇ ಬಿಟ್ಟಿರಬಹುದು. ಆದ್ದರಿಂದ ಪ್ರಾಜ್ಞರು ನಟ್ಟಿನ ಬದಲು ಸಣ್ಣ ಸರಪಳಿ ಇಳಿಬಿಟ್ಟು, ಅದರ ತುದಿಯನ್ನು ಹೊರಗೇ ಕಟ್ಟಿರುತ್ತಾರೆ. ಬಳಿಕ ವಿನೆಗರ್‌ನಲ್ಲಿ ನೆನೆಹಾಕಿ, ಅಡುಗೆಸೋಡದ ನೀರಲ್ಲಿ ತೊಳೆದು, ಒಣಗಿದ ಕೂಡಲೇ ಎಣ್ಣೆ ಬಳಿಯತಕ್ಕದ್ದು. ನಡುವೆ ಕಾಫಿಗೆ ಹೋದವನಿಗೆ ಹೊಸ ತುಕ್ಕು ಸ್ವಾಗತ ಕೋರುತ್ತದೆ.

ಫಲಶ್ರುತಿ. ಇದನ್ನು ಎಲೆಯುದುರುವ ಕಾಲದಲ್ಲಿ ಭಕ್ತಿಯಿಂದ ಓದಿದವನ ಮೋಟಾರು ಏಪ್ರಿಲಿನಲ್ಲಿ ಮೂರೇ ಎಳೆತಕ್ಕೆ ಹತ್ತುವುದು. ಕೇಳಿದವನಿಗೆ ಆರು ಎಳೆತ. ಗ್ಯಾರೇಜಿನಲ್ಲಿ ಗಟ್ಟಿಯಾಗಿ ಪಠಿಸಿದವನಿಗೆ ಇನ್ನೊಂದು ಹಳೇ ಮೋಟಾರು ಸಸ್ತಾ ದರಕ್ಕೆ ದೊರೆತು, ಕಾರು ಇನ್ನಷ್ಟು ದೂರ ನಿಲ್ಲುವುದು. ಅರ್ಧ ಓದಿ ಮಡಚಿಟ್ಟವನ ಗತಿಯನ್ನು ಸಿದ್ಧಾಂತಭಾಗದಲ್ಲೇ ಹೇಳಿದೆ. ಅಲ್ಲಿಯವರೆಗೆ ಅವನು ಓದಿದ್ದರೆ.