ಮಹಡಿ ಮೇಲಿನ ಕಳ್ಳಿರಾಯರು

ಅವರ ಮನೆಯಲ್ಲಿ ಕಾಫಿಗಿಂತ ಮೊದಲು ಸಿಗುವುದು ಎಚ್ಚರಿಕೆ. ‘ಮೆಟ್ಟಿಲು ಹತ್ತುವಾಗ ಎಡಗೈ ಸ್ವಲ್ಪ ಒಳಗಿಟ್ಟುಕೊಳ್ಳಿ.’ ಮೊದಲ ಸಲ ಹೋದಾಗ ನಾನು ಗಡಿಬಿಡಿಯಲ್ಲಿ ಬಲಗೈ ಒಳಗಿಟ್ಟುಕೊಂಡೆ. ನನ್ನ ಅಂಗಿತೋಳಿನ ಒಂದು ಎಳೆ ಇವತ್ತಿಗೂ ಅಲ್ಲಿನ ಮುಳ್ಳಿನ ಮೇಲೆ ಹಾರಾಡುತ್ತಿದೆ.

ಬ್ಯಾಂಕಿನಿಂದ ನಿವೃತ್ತರಾದ ಅವರಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿದೆ. ಬೀದಿಯಲ್ಲಿ ಯಾರೂ ಅದನ್ನು ಬಳಸುವುದಿಲ್ಲ. ಕಳ್ಳಿರಾಯರ ಮನೆ ಅಂದರೆ ಆಟೋದವನೂ ಬಾಗಿಲಿಗೇ ತಂದು ಬಿಡುತ್ತಾನೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇಂಥವರು ಬೀದಿಗೊಬ್ಬರಾದರೂ ಇದ್ದಾರೆ. ಟೆರೇಸಿನ ಮೇಲೆ ಹಸಿರು ನೆರಳುಬಲೆ ಕಂಡರೆ ತಿಳಿಯಿರಿ, ಅದರ ಕೆಳಗೊಬ್ಬರು ಕುಕ್ಕರಗಾಲಲ್ಲಿ ಕೂತು ಕುಂಡದೊಳಗೆ ಇಣುಕುತ್ತಿರುತ್ತಾರೆ. ಕೈಯಲ್ಲಿ ಇಯರ್‌ಬಡ್, ಪಕ್ಕದಲ್ಲಿ ಸರ್ಜಿಕಲ್ ಸ್ಪಿರಿಟ್ಟು. ನಡೆಯುತ್ತಿರುವುದು ಹಿಟ್ಟು ತಿಗಣೆಯ ಬೇಟೆ.

ರಾಯರು ಚಳ್ಳಕೆರೆ ಕಡೆಯವರು. ಅವರಪ್ಪ ಹೊಲದ ಬದುವಿನ ಪಾಪಾಸುಕಳ್ಳಿಯನ್ನು ಕಡಿದು, ಸುಟ್ಟು, ಮತ್ತೆ ಚಿಗುರಿದ್ದನ್ನು ಬೈದು ಅರ್ಧ ಆಯುಷ್ಯ ಕಳೆದರಂತೆ. ಮಗ ಅದೇ ಕಳ್ಳಿಯ ದಾಯಾದಿಗಳನ್ನು ಸಾವಿರಗಟ್ಟಲೆ ಕೊಟ್ಟು ಕೊರಿಯರಿನಲ್ಲಿ ತರಿಸುತ್ತಾರೆ. ಮಣ್ಣಿಲ್ಲದೆ, ಬೇರು ಕತ್ತರಿಸಿಕೊಂಡು, ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡು ಬರುವ ಒಂದೊಂದನ್ನೂ ಹಸುಗೂಸಿನಂತೆ ಎರಡೂ ಕೈಯಲ್ಲಿ ಒಳಗೆ ಒಯ್ಯುತ್ತಾರೆ. ‘ಎಷ್ಟಾಯ್ತು?’ ಎಂದು ಮನೆಯಾಕೆ ಕೇಳಿದರೆ ‘ಇನ್ನೂರೈವತ್ತು’ ಎನ್ನುತ್ತಾರೆ. ಸೇವೆಯಲ್ಲಿದ್ದಷ್ಟು ಕಾಲ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಮಾಡದ ಮನುಷ್ಯ, ಇಲ್ಲಿ ಮಾತ್ರ ಒಂದು ಸೊನ್ನೆ ನುಂಗುತ್ತಾರೆ. ಆಕೆಗೂ ಗೊತ್ತು. ‘ನನಗೆ ನೂರಾ ನಲವತ್ತು ಸವತಿಯರು, ಒಬ್ಬೊಬ್ಬಳೂ ಕಳ್ಳಿ’ ಎಂದು ನಮಗೆ ಕಾಫಿ ಕೊಡುತ್ತಾರೆ.

ಆದರೆ ರಾಯರ ಮುಂದೆ ಎಲ್ಲವನ್ನೂ ಕಳ್ಳಿ ಅನ್ನುವ ಹಾಗಿಲ್ಲ. ಊರಿನ ಮುಂಡುಗಳ್ಳಿ ಕ್ಯಾಕ್ಟಸ್ಸೇ ಅಲ್ಲ, ಯೂಫೋರ್ಬಿಯಾ. ಮುರಿದರೆ ಹಾಲು ಸುರಿಯುತ್ತದೆ. ಕ್ಯಾಕ್ಟಸ್ಸಿಗಾದರೆ ಮುಳ್ಳಿನ ಬುಡದಲ್ಲಿ ಪುಟ್ಟ ಮೆತ್ತೆ ಇರಬೇಕು. ಆ ಮೆತ್ತೆ ತೋರಿಸಲು ಭೂತಗನ್ನಡಿ ಕೊಟ್ಟು ನಿಮ್ಮ ಮೂಗನ್ನು ಮುಳ್ಳಿಗೆ ಮುಟ್ಟಿಸುವವರೆಗೂ ಬಿಡುವುದಿಲ್ಲ. ಕ್ಯಾಕ್ಟಸ್ ವಂಶವೆಲ್ಲ ಅಮೆರಿಕ ಖಂಡಗಳದ್ದು. ರಿಪ್ಸಾಲಿಸ್ ಎಂಬುದೊಂದು ಮಾತ್ರ ಯಾರಿಗೂ ಹೇಳದೆ ಆಫ್ರಿಕಾಕ್ಕೂ ಶ್ರೀಲಂಕಾಕ್ಕೂ ಹೋಗಿ ಕೂತಿದೆ. ನಮ್ಮ ಪಾಪಾಸುಕಳ್ಳಿಯೂ ವಲಸೆ ಬಂದದ್ದೇ. ಕೆಂಪು ಬಣ್ಣ ಕೊಡುವ ಹುಳುವನ್ನು ಅದರ ಮೇಲೆ ಸಾಕುವ ಆಸೆಯಿಂದ 1795ರಲ್ಲಿ ಬ್ರೆಜಿಲಿನಿಂದ ಹುಳು ತರಿಸಿದರು. ಬಂದದ್ದು ಬೇರೆ ಜಾತಿ. ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ಹೊಟ್ಟೆ ತುಂಬ ತಿಂದಿತು. ‘ಆಗಲೂ ಪಾರ್ಸೆಲ್ಲಿನಲ್ಲಿ ಬೇರೆಯದೇ ಕಳಿಸುತ್ತಿದ್ದರು ನೋಡಿ’ ಎಂದು ರಾಯರು ನಿಟ್ಟುಸಿರಿಡುತ್ತಾರೆ. ಅನುಭವದ ಮಾತು.

ಈ ಗಿಡಗಳು ಕೇಳುವುದು ಒಂದೇ: ನಮ್ಮ ಪಾಡಿಗೆ ನಮ್ಮನ್ನು ಬಿಡಿ. ರಾಯರಿಗೆ ಆಗದೇ ಇರುವುದೂ ಅದೊಂದೇ. ಪರ್ಲೈಟು, ಪ್ಯೂಮಿಸ್ಸು, ಜರಡಿ ಹಿಡಿದ ಇಟ್ಟಿಗೆ ಚೂರು ಸೇರಿಸಿ ಚಿರೋಟಿಗೆ ರವೆ ಕಲೆಸುವಷ್ಟು ಕಾಳಜಿಯಿಂದ ಮಿಶ್ರಣ ಮಾಡುತ್ತಾರೆ. ಸೋಮವಾರ ನೆಡುತ್ತಾರೆ. ಬೇರು ಬಂತೇ ಎಂದು ಗುರುವಾರ ಕೀಳುತ್ತಾರೆ. ಬಂದಿಲ್ಲ. ಮಿಶ್ರಣ ಸರಿಯಿಲ್ಲ ಎಂದು ಬೇರೆ ಕಲೆಸಿ ಮತ್ತೆ ನೆಡುತ್ತಾರೆ.

ಲಿಥಾಪ್ಸ್ ಎಂಬ ದಕ್ಷಿಣ ಆಫ್ರಿಕಾದ ಗಿಡದ ಮೇಲೆ ಅವರಿಗೆ ಪ್ರಾಣ. 1811ರಲ್ಲಿ ಬರ್ಚೆಲ್ ಎಂಬ ಇಂಗ್ಲಿಷ್ ಅಲೆಮಾರಿ ವಿಜ್ಞಾನಿ ಬೆಣಚುಕಲ್ಲೆಂದು ಎತ್ತಿಕೊಂಡದ್ದು ಗಿಡವಾಗಿತ್ತಂತೆ. ದಪ್ಪನೆಯ ಎರಡೇ ಎಲೆ, ನಡುವೆ ಸೀಳು, ಥೇಟ್ ಕಾಫಿಬೀಜ. ಹೊಸ ಜೋಡಿ ಎಲೆ ಒಳಗಿಂದ ಬರುವಾಗ ಹಳೆಯ ಜೋಡಿಯ ನೀರನ್ನೇ ಹೀರಿ ಬೆಳೆಯುತ್ತದೆ. ಆ ಕಾಲದಲ್ಲಿ ಮೇಲಿಂದ ನೀರು ಹಾಕಲೇಬಾರದು. ಇದು ರಾಯರಿಗೆ ಬಾಯಿಪಾಠ. ಆದರೂ ಹಳೆ ಎಲೆ ಸುಕ್ಕುಗಟ್ಟಿದ್ದು ಕಂಡರೆ ಕರುಳು ಚುರುಕ್ ಅನ್ನುತ್ತದೆ. ‘ಎರಡೇ ಹನಿ’ ಎಂದು ಇಂಕ್ ಫಿಲ್ಲರಿನಲ್ಲಿ ಬಿಡುತ್ತಾರೆ. ಸಂಜೆಗೆ ಮತ್ತೆರಡು. ವಾರ ಕಳೆಯುವಷ್ಟರಲ್ಲಿ ಅದು ಹೊಲಿಗೆ ಬಿಟ್ಟ ದಿಂಬಿನಂತೆ ಬಿರಿದು, ಆಮೇಲೆ ಕೊಳೆತು, ಕುಂಡದಲ್ಲಿ ಉಳಿಯುವುದು ಲ್ಯಾಟಿನ್ ಹೆಸರಿನ ಪಟ್ಟಿ ಮಾತ್ರ. ಅಂಥ ಪಟ್ಟಿಗಳನ್ನು ಅವರು ಎಸೆಯುವುದಿಲ್ಲ. ಪ್ಯಾರಾಪೆಟ್ಟಿನ ಬುಡದಲ್ಲಿ ವೀರಗಲ್ಲುಗಳ ಹಾಗೆ ಸಾಲಾಗಿ ಚುಚ್ಚಿಟ್ಟಿದ್ದಾರೆ.

ಮೇ ತಿಂಗಳ ಸಂಜೆ ಗುಡುಗಿದರೆ ಎಲ್ಲ ಮಹಡಿಗಳಲ್ಲೂ ಜನ ಬಟ್ಟೆ, ಹಪ್ಪಳ ಎತ್ತಲು ಓಡುತ್ತಾರೆ. ರಾಯರೂ ಓಡುತ್ತಾರೆ, ಟಾರ್ಪಾಲು ಹಿಡಿದು. ಸವತಿಯರು ಒಣಗಿರುತ್ತಾರೆ, ಮನೆಯಾಕೆಯ ಸೀರೆ ತೊಯ್ಯುತ್ತದೆ.

ಕಳೆದ ಜೂನಿನಲ್ಲಿ ಎದುರುಮನೆಯ ಅಜ್ಜಿಯ ಬ್ರಹ್ಮಕಮಲ ಅರಳಿತು. ತುಕ್ಕು ಹಿಡಿದ ಪೇಂಟ್ ಡಬ್ಬದಲ್ಲಿ, ನೀರಿನ ಸಂಪಿನ ಪಕ್ಕ, ಒಂದೇ ರಾತ್ರಿಗೆ ಹನ್ನೊಂದು ಹೂವು. ಬೀದಿಗೆ ಬೀದಿಯೇ ಸೇರಿತು. ಅರಿಸಿನ ಕುಂಕುಮ, ಊದಿನಕಡ್ಡಿ, ಸೆಲ್ಫಿ. ನೂರಾ ನಲವತ್ತು ಕುಂಡಗಳ ಒಡೆಯರನ್ನು ಕೇಳುವವರಿಲ್ಲ. ತಡೆಯಲಾರದೆ ಗಂಟಲು ಸರಿಮಾಡಿಕೊಂಡು ಹೇಳಿಯೇಬಿಟ್ಟರು: ‘ಇದು ನಿಜವಾದ ಬ್ರಹ್ಮಕಮಲ ಅಲ್ಲ. ಅದಿರೋದು ಹಿಮಾಲಯದಲ್ಲಿ. ಇದು ಎಪಿಫಿಲಮ್, ಮೆಕ್ಸಿಕೋ ಕಡೆಯ ಕ್ಯಾಕ್ಟಸ್.’

‘ಮಂಗಳಾರತಿ ಆಗಲಿ, ಇರಿ’ ಎಂದು ಯಾರೋ ಗದರಿದರು.

ಹನ್ನೊಂದೂವರೆಗೆ ಎಲ್ಲರೂ ಹೋದ ಮೇಲೂ ರಾಯರು ಅಲ್ಲೇ ನಿಂತಿದ್ದರು. ಪರಿಮಳಕ್ಕೆ ಕಣ್ಣು ಅರ್ಧ ಮುಚ್ಚಿತ್ತು. ಅಜ್ಜಿ ಒಂದು ಎಲೆ ಮುರಿದು ಕೈಗಿಟ್ಟಳು.

‘ಯಾವ ಮಿಶ್ರಣದಲ್ಲಿ ನೆಟ್ಟಿದ್ದೀರಿ?’

‘ಮಣ್ಣಲ್ಲಿ.’

‘ಬರೀ ಮಣ್ಣಾ? ಮತ್ತೆ ನೀರು?’

‘ಬೇಳೆ ತೊಳೆದದ್ದು ಹಾಕ್ತೀನಪ್ಪ, ನೆನಪಾದಾಗ.’

ರಾಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಬೀದಿದೀಪದ ಬೆಳಕಿನಲ್ಲಿ ‘ನೆನಪಾದಾಗ’ ಎಂದು ಬರೆದುಕೊಂಡರು. ಎರಡು ಹೆಜ್ಜೆ ಹೋದವರು ಹಿಂದಿರುಗಿ ಬಂದು ಕೇಳಿದರು:

‘ವಾರಕ್ಕೆ ಎಷ್ಟು ಸಲ ನೆನಪಾಗುತ್ತೆ?’